ಮುಚ್ಚಳ ತೆಗೆಯದೆ ಬರೆದ ಸೊನ್ನೆಗಳು

ನಮ್ಮ ಬೀದಿಯ ಮೂವತ್ತೆಂಟು ಮನೆಗಳ ಸೊಳ್ಳೆ ಸರ್ವೆಯನ್ನು ನಾನು ಆರು ದಿನದಲ್ಲಿ ಮುಗಿಸಿದೆ. ಅಷ್ಟೂ ಮನೆಗಳ ನೀರಿನಲ್ಲಿ ಸೊಳ್ಳೆಮರಿ ಸೊನ್ನೆ ಎಂದು ಬರೆದುಕೊಂಡು ಬಂದೆ. ಒಂದೇ ಒಂದು ಮನೆಯಲ್ಲೂ ತೊಟ್ಟಿಯ ಮುಚ್ಚಳ ತೆಗೆದು ನೋಡಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಹೇಳೋಣ ಎಂದು ಬಿಟ್ಟರೆ ನುಣುಚಿಕೊಳ್ಳಲು ಏನಾದರೊಂದು ಸಂದು ಹುಡುಕಿಕೊಂಡುಬಿಡುತ್ತೇನೆ, ನನ್ನ ಬುದ್ಧಿ ನನಗೆ ಗೊತ್ತು. ಆ ಮೂವತ್ತೆಂಟರಲ್ಲಿ ಕೊನೆಯದು ನಮ್ಮದೇ ಮನೆ. ಅದರೊಳಗೆ ನನ್ನ ಅಮ್ಮ ಇದ್ದಳು.

ಆಗ ನಾನು ಪಬ್ಲಿಕ್ ಹೆಲ್ತ್ ಪದವಿಯ ಕೊನೆಯ ವರ್ಷದಲ್ಲಿದ್ದೆ. ಹೀಗೊಂದು ಡಿಗ್ರಿ ಇದೆ ಎಂದು ಜನರನ್ನು ನಂಬಿಸುವುದರಲ್ಲೇ ನನಗೆ ಮೂರು ವರ್ಷ ಕಳೆದುಹೋಗಿತ್ತು. ಮದುವೆ ಮುಂಜಿಗಳಲ್ಲಿ ಪಕ್ಕದ ಎಲೆಯವರು ಏನು ಓದ್ತಿದೀಯಮ್ಮಾ ಎಂದು ಕೇಳುತ್ತಿದ್ದರು. ಹೇಳಿದರೆ, ಓ ನರ್ಸಿಂಗಾ ಎನ್ನುವವರು ಕೆಲವರು. ಡಾಕ್ಟರಾ ಎಂದು ಕಣ್ಣರಳಿಸಿ, ಅಲ್ಲ ಎಂದ ಕೂಡಲೇ ಹೋಳಿಗೆ ಬಡಿಸುವವನ ಕಡೆ ತಿರುಗಿಬಿಡುವವರು ಇನ್ನು ಕೆಲವರು. ಮೊದಲ ವರ್ಷ ನಮ್ಮನ್ನು ಕಸ ವಿಂಗಡಿಸುವ ಜಾಗಕ್ಕೆ ಕರೆದುಕೊಂಡು ಹೋಗಿದ್ದು ಗೊತ್ತಾದ ಮೇಲೆ ಸೋದರಮಾವ ಅದಕ್ಕೆ ಕಸದ ಕೋರ್ಸು ಎಂದೇ ಹೆಸರಿಟ್ಟಿದ್ದ. ಮೆಡಿಕಲ್ ಸೀಟು ಸಿಗದವಳಿಗೆ ಮೈಯೆಲ್ಲಾ ಮುಳ್ಳು. ನಾನು ಎಲ್ಲರ ಮೇಲೂ ಎಗರಿ ಬೀಳುತ್ತಿದ್ದೆ.

ಅಮ್ಮ ಮಾತ್ರ ಎಗರುತ್ತಿರಲಿಲ್ಲ. ಅವಳು ಎಸ್ಸೆಸ್ಸೆಲ್ಸಿ ಪಾಸು, ಅಷ್ಟೇ. ಆದರೆ ನನ್ನ ಓದಿಗೆ ಅವಳದೇ ಒಂದು ವಿವರಣೆ ಸಿದ್ಧವಾಗಿತ್ತು. ಡಾಕ್ಟರು ಕಾಯಿಲೆ ಬಂದವರನ್ನು ನೋಡುತ್ತಾರೆ, ಇವಳು ಕಾಯಿಲೆ ಬರದ ಹಾಗೆ ನೋಡಿಕೊಳ್ಳುತ್ತಾಳೆ, ಎಂದು ತರಕಾರಿಯವಳಿಂದ ಹಿಡಿದು ಸೋದರಮಾವನವರೆಗೆ ಎಲ್ಲರಿಗೂ ಹೇಳುತ್ತಿದ್ದಳು. ನಾನು ಕಾಲೇಜಿನಿಂದ ಬಂದು ಅಡುಗೆಮನೆಯ ಹೊಸ್ತಿಲಲ್ಲಿ ಕೂತರೆ, ಸೊಪ್ಪು ಬಿಡಿಸುತ್ತಾ ಇವತ್ತೇನು ಪಾಠ ಎಂದು ಕೇಳುತ್ತಿದ್ದಳು. ಸ್ಯಾಂಪಲ್ ಎಂದರೇನು, ಶೇಕಡಾವಾರು ಹೇಗೆ ತೆಗೆಯುತ್ತಾರೆ, ಎಷ್ಟು ಮನೆ ನೋಡಿದರೆ ಇಡೀ ಬಡಾವಣೆಯ ಬಗ್ಗೆ ಹೇಳಬಹುದು, ಎಲ್ಲ ಹೇಳುತ್ತಿದ್ದೆ. ಹೇಳುತ್ತಿದ್ದೆ ಎನ್ನುವುದಕ್ಕಿಂತ ಜಂಬ ಕೊಚ್ಚುತ್ತಿದ್ದೆ ಎನ್ನಬೇಕು. ಅವಳು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದಳು.

ಮನೆಯಲ್ಲಿ ಇನ್ನಿಬ್ಬರು, ಅಪ್ಪ ಮತ್ತು ಅವನ ತಾಯಿ. ಅಪ್ಪ ಸುಲ್ತಾನ್‌ಪೇಟೆಯ ಒಂದು ಲಗ್ನಪತ್ರಿಕೆ ಅಂಗಡಿಯಲ್ಲಿ ಪ್ರೂಫ್ ನೋಡುವ ಕೆಲಸದಲ್ಲಿದ್ದ. ಮಾತು ಕಡಿಮೆ. ಅಜ್ಜಿ ಎಂಬತ್ತು ದಾಟಿದವಳು, ಕಟ್ಟುನಿಟ್ಟಿನ ಮಡಿ. ನಲ್ಲಿ ನೀರನ್ನು ಅವಳು ಮುಟ್ಟುತ್ತಿರಲಿಲ್ಲ. ಕಾವೇರಿಯೇ ಆದರೂ ಅದು ಎಲ್ಲೆಲ್ಲಿಂದಲೋ ಪೈಪಿನಲ್ಲಿ ಬರುತ್ತದೆ, ನಲ್ಲಿಯೊಳಗೆ ಚರ್ಮದ ವಾಷರ್ ಇರುತ್ತದೆ ಎಂಬುದು ಅವಳ ತಕರಾರು. ಈಗಿನದು ರಬ್ಬರು ಕಣಜ್ಜಿ ಎಂದು ನಾನು ಬಿಚ್ಚಿ ತೋರಿಸಿದರೂ ಒಪ್ಪಲಿಲ್ಲ. ಹಾಗಾಗಿ ದೇವರಿಗೆ, ಅವಳ ಅಡುಗೆಗೆ, ಅವಳ ಸ್ನಾನಕ್ಕೆ ಹಿತ್ತಿಲ ಬಾವಿಯ ನೀರೇ ಆಗಬೇಕು. ಬಾವಿಯ ಪಕ್ಕದಲ್ಲಿ ಸೊಂಟದೆತ್ತರದ ಒಂದು ಕಲ್ಲಿನ ತೊಟ್ಟಿ, ಅದಕ್ಕೆ ಹಲಗೆಯ ಮುಚ್ಚಳ. ದಿನಾ ಬೆಳಿಗ್ಗೆ ಅಮ್ಮ ಮಿಂದು ಒದ್ದೆ ಸೀರೆಯಲ್ಲೇ ನೀರು ಸೇದಿ ತೊಟ್ಟಿಗೆ ಹಾಕಬೇಕು. ಖರ್ಚಾದಷ್ಟನ್ನು ಮಾತ್ರ ಮೇಲೆ ತುಂಬಿಸುವುದು. ಪೂರ್ತಿ ಬರಿದು ಮಾಡಿ ಉಜ್ಜುವುದು ಗ್ರಹಣ ಬಿಟ್ಟ ಮೇಲೆ ಮಾತ್ರ. ಅಮ್ಮ, ಅಜ್ಜಿ ಇಬ್ಬರನ್ನು ಬಿಟ್ಟು ಬೇರೆ ಯಾರೂ ಅದನ್ನು ಮುಟ್ಟುವಂತಿರಲಿಲ್ಲ. ನಾನು ಹುಟ್ಟಿದಾಗಿನಿಂದ ಹಾಗೆಯೇ ನಡೆದು ಬಂದಿತ್ತು, ನನಗದು ಗೋಡೆ ಕಿಟಕಿಯಷ್ಟೇ ಮಾಮೂಲಾಗಿತ್ತು.

ಕೊನೆಯ ವರ್ಷದ ಪ್ರಾಜೆಕ್ಟಿಗೆ ಮೇಡಂ ನಮಗೆ ಡೆಂಗಿ ಸೊಳ್ಳೆಯ ಸರ್ವೆ ಕೊಟ್ಟರು. ಇಬ್ಬಿಬ್ಬರ ಜೋಡಿ. ನನ್ನ ಜೊತೆಗಾತಿ ರೈಲು ಹಳಿಯ ಪಕ್ಕದ ಓಕಳಿಪುರಂನವಳು, ಮೊದಲ ದಿನದಿಂದ ನನ್ನ ಗೆಳತಿ. ಚಾಮರಾಜಪೇಟೆ ನಿನ್ನ ಊರಲ್ವಾ, ಪರಿಚಯದವರಾದರೆ ಬಾಗಿಲು ತೆಗೆಯುತ್ತಾರೆ, ಅಲ್ಲೇ ಮಾಡಿ ಎಂದರು ಮೇಡಂ. ನಮ್ಮ ಬೀದಿ ನನಗೆ ಬಂತು. ಅದರ ಹಿಂದಿನ, ಸಣ್ಣ ಸಣ್ಣ ವರ್ಕ್‌ಶಾಪುಗಳ ಬೀದಿ ಗೆಳತಿಗೆ ಬಂತು. ಒಂದು ಟಾರ್ಚು, ಒಂದು ಸೌಟು, ಒಂದು ಬಿಳಿ ತಟ್ಟೆ. ತೊಟ್ಟಿ, ಡ್ರಮ್ಮು, ಸಂಪು, ಹೂವಿನ ಕುಂಡದ ತಟ್ಟೆ, ನೀರು ನಿಂತ ಎಲ್ಲವನ್ನೂ ತೆಗೆದು ನೋಡಬೇಕು. ಒಂದು ಸೌಟು ನೀರನ್ನು ಬಿಳಿ ತಟ್ಟೆಗೆ ಹಾಕಿದರೆ ಮರಿಗಳು ಒದ್ದಾಡುವುದು ಕಾಣುತ್ತದೆ. ಮೇಡಂ ಒಂದು ಮಾತನ್ನು ಮೂರು ಸಲ ಹೇಳಿದ್ದರು. ಕೇಳಿ ಬರೆಯಬೇಡಿ, ನೋಡಿ ಬರೆಯಿರಿ.

ನೋಡುವುದು ಹೇಗೆ ಹೇಳಿ. ಮೊದಲನೆಯ ಮನೆಯಲ್ಲಿ ನಾನು ಗೇಟಿನಲ್ಲಿ ನಿಂತು ಸರ್ವೆ ಎಂದೆ. ಆ ಮನೆಯಾಕೆ ನನ್ನ ನಾಮಕರಣದಲ್ಲಿ ತೊಟ್ಟಿಲು ತೂಗಿದವಳು. ಅಯ್ಯೋ ಹೊರಗೇಕೆ ನಿಂತೆ, ಒಳಗೆ ಬಾ ಎಂದು ಹಾಲಿನಲ್ಲಿ ಕೂರಿಸಿ ಫ್ಯಾನು ಹಾಕಿದಳು. ಕಾಫಿ ಬಂತು, ಚಕ್ಕುಲಿ ಬಂತು, ಅಮ್ಮ ಹೇಗಿದಾಳೆ ಎಂದಾಯಿತು. ಕಾಫಿ ಕುಡಿದ ಬಾಯಲ್ಲಿ, ನಿಮ್ಮ ಬಚ್ಚಲುಮನೆ ಸ್ವಲ್ಪ ತೋರಿಸಿ, ಹುಳ ಇದೆಯೇನೋ ನೋಡಬೇಕು ಎನ್ನುವುದಕ್ಕೆ ನನಗೆ ನಾಲಿಗೆ ಹೊರಳಲಿಲ್ಲ. ತೊಟ್ಟಿ ತೊಳೀತೀರಾ ಎಂದು ಕೇಳಿದೆ. ವಾರ ವಾರ ತೊಳೀತೀವಿ ಕಣಮ್ಮ ಎಂದಳು. ಸೊನ್ನೆ ಬರೆದೆ. ಎರಡನೆಯ ಮನೆಯಲ್ಲಿ ಅಷ್ಟೂ ಕಷ್ಟವಾಗಲಿಲ್ಲ. ಹತ್ತನೆಯ ಮನೆಯ ಹೊತ್ತಿಗೆ ಟಾರ್ಚನ್ನು ಬ್ಯಾಗಿನಿಂದ ತೆಗೆಯುವುದನ್ನೇ ಬಿಟ್ಟಿದ್ದೆ.

ನಾಚಿಕೆ ಒಂದೇ ಆಗಿದ್ದರೆ ಇಷ್ಟು ಹೊಟ್ಟೆ ಉರಿಯುತ್ತಿರಲಿಲ್ಲ. ಒಳಗೆ ಇನ್ನೊಂದು ಇತ್ತು. ಇವರೆಲ್ಲ ನಮ್ಮವರು, ಎರಡು ಹೊತ್ತು ನೆಲ ಒರೆಸುವವರು, ಮಡಿ ಮೈಲಿಗೆ ನೋಡುವವರು, ಇವರ ಮನೆಯಲ್ಲೇನು ಹುಳ ಇರುತ್ತದೆ ಎಂಬ ಒಂದು ಕೊಬ್ಬು. ಮೂರು ವರ್ಷ ಪುಸ್ತಕ ಓದಿದರೂ ಅದು ಕರಗಿರಲಿಲ್ಲ. ಆಗ ಅದು ಕೊಬ್ಬು ಎಂದು ನನಗೆ ಗೊತ್ತೂ ಇರಲಿಲ್ಲ.

ಕೊನೆಯ ಫಾರಂ ನಮ್ಮ ಮನೆಯದು. ಅದನ್ನು ಮಧ್ಯಾಹ್ನ ಊಟವಾದ ಮೇಲೆ ಮಂಚದ ಮೇಲೆ ಅಂಗಾತ ಮಲಗಿಕೊಂಡು ತುಂಬಿಸುತ್ತಿದ್ದೆ. ಅಮ್ಮ ಕೋಣೆಯ ಬಾಗಿಲಿಗೆ ಬಂದು, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ, ಮೆಲ್ಲಗೆ ಹೇಳಿದಳು.

"ಬಾರೆ, ಅಜ್ಜಿ ಮಲಗಿದಾರೆ. ಮುಚ್ಚಳ ನಾನೇ ತೆಗೀತೀನಿ. ನೀನು ದೂರದಿಂದ ಟಾರ್ಚ್ ಬಿಟ್ಟು ನೋಡ್ಕೊಂಡು ಹೋಗು."

"ನಮ್ಮನೆ ತೊಟ್ಟಿ ನನಗೆ ಗೊತ್ತಿಲ್ವೇನಮ್ಮಾ? ಬಿಡು."

ಅಮ್ಮ ಒಂದು ಗಳಿಗೆ ಅಲ್ಲೇ ನಿಂತಿದ್ದಳು. ನಾನು ತಲೆ ಎತ್ತಲಿಲ್ಲ. ಆಮೇಲೆ ಹೋದಳು.

ಗೆಳತಿಯ ಸರ್ವೆ ಮುಗಿಯಲು ಹನ್ನೊಂದು ದಿನ ಹಿಡಿಯಿತು. ಅವಳನ್ನು ಯಾರೂ ಹಾಲಿನಲ್ಲಿ ಕೂರಿಸಲಿಲ್ಲ. ಒಂದು ಮನೆಯವರು ಗೇಟಿನಲ್ಲೇ ಅರ್ಧ ಗಂಟೆ ನಿಲ್ಲಿಸಿದರು, ಇನ್ನೊಂದು ಕಡೆ ಮೀಟರ್ ರೀಡಿಂಗಿನವಳು ಎಂದುಕೊಂಡು ಬೈದರು. ಆದರೂ ಅವಳು ಬಚ್ಚಲಿಗೆ ನುಗ್ಗಿ, ಸಂಪಿನ ಮುಚ್ಚಳ ಎತ್ತಿ, ಟಯರಿನೊಳಗೆ ಸೌಟು ಹಾಕಿ ನೋಡಿದ್ದಳು. ಅವಳ ಬೀದಿಯಲ್ಲಿ ಹೆಚ್ಚುಕಡಿಮೆ ಅರ್ಧಕ್ಕರ್ಧ ಮನೆಗಳಲ್ಲಿ ಮರಿ ಸಿಕ್ಕಿದ್ದವು. ಎರಡೂ ಬೀದಿಯ ಫಾರಂಗಳನ್ನು ಪಕ್ಕ ಪಕ್ಕ ಇಟ್ಟುಕೊಂಡು ಕೂತಾಗ ಅವಳು ನನ್ನ ಮುಖ ನೋಡಿದಳು.

"ನಿನ್ ಸೈಡ್ ಎಲ್ಲಾ ಸೊನ್ನೆ, ಹೆಂಗೆ ಮಗಾ? ನಿಮ್ ಬೀದಿಗೂ ನಾನ್ ನೋಡಿದ್ ಬೀದಿಗೂ ಮಧ್ಯ ಒಂದು ಓಣಿ ಅಷ್ಟೇ ಅಲ್ವಾ?"

"ನಮ್ ಜನ ಕ್ಲೀನಾಗಿ ಇಟ್ಕೊಂಡಿರ್ತಾರೆ" ಎಂದುಬಿಟ್ಟೆ.

ಅವಳ ಮುಖ ಸಣ್ಣದಾಯಿತು. ಫಾರಂಗಳಿಗೆ ದಾರ ಕಟ್ಟಿದಳು. ಆ ಮಾತನ್ನು ನಾನು ಇವತ್ತಿಗೂ ವಾಪಸು ತೆಗೆದುಕೊಳ್ಳಲು ಒದ್ದಾಡುತ್ತಿದ್ದೇನೆ.

ನಮ್ಮ ಪಟ್ಟಿಯನ್ನು ಮೇಡಂ ವಾರ್ಡಿನ ಆರೋಗ್ಯ ಕಚೇರಿಗೂ ಕೊಟ್ಟರು. ಅಲ್ಲಿಯವರ ಹತ್ತಿರ ಇದ್ದದ್ದು ಎರಡು ತಂಡ. ಎಲ್ಲಿ ಮರಿ ಇದೆಯೋ ಅಲ್ಲಿಗೆ ಮೊದಲು ಹೋದರು. ಹಿಂದಿನ ಬೀದಿಯ ತೊಟ್ಟಿಗಳನ್ನೆಲ್ಲ ಖಾಲಿ ಮಾಡಿಸಿದರು, ಔಷಧಿ ಹಾಕಿದರು, ಟಯರು ಸಾಗಿಸಿದರು. ನಮ್ಮ ಬೀದಿಗೆ ಬರಲಿಲ್ಲ. ಯಾಕೆ ಬರುತ್ತಾರೆ? ಅಲ್ಲಿ ಸೊನ್ನೆ ಇತ್ತಲ್ಲ, ಚೆಂದದ ದುಂಡು ಅಕ್ಷರದಲ್ಲಿ ನಾನೇ ಬರೆದದ್ದು.

ಆಷಾಢದ ಕೊನೆಯಲ್ಲಿ ಬೀದಿಯಲ್ಲಿ ಜ್ವರ ಶುರುವಾಯಿತು. ಮೂಲೆಮನೆಯ ಹುಡುಗಿಗೆ, ಆಮೇಲೆ ನನ್ನ ತೊಟ್ಟಿಲು ತೂಗಿದಾಕೆಯ ಗಂಡನಿಗೆ. ಮಳೆಗಾಲ, ವೈರಲ್ ಎಂದರು. ಶುಕ್ರವಾರ ಅಮ್ಮ ಸೊಂಟ ಹಿಡಿದುಕೊಂಡು ಕೂತಳು. ಹಣೆ ಮುಟ್ಟಿದರೆ ಕೈ ಸುಡುತ್ತಿತ್ತು. ಕಣ್ಣಿನ ಹಿಂದೆ ನೋಯುತ್ತೆ ಎಂದಳು. ಅದು ನನ್ನ ನೋಟ್ಸಿನಲ್ಲಿದ್ದ ಸಾಲು. ಶನಿವಾರ ಎಳೆದುಕೊಂಡು ಹೋಗಿ ರಕ್ತ ಕೊಡಿಸಿದೆ. ಸಂಜೆಯೊಳಗೆ ವರದಿ ಬಂತು. ಡೆಂಗಿ.

ವರದಿ ಕೈಯಲ್ಲಿ ಹಿಡಿದುಕೊಂಡು ಸೀದಾ ಹಿತ್ತಿಲಿಗೆ ಹೋದೆ. ಇನ್ನೂ ಬೆಳಕಿತ್ತು. ಅಜ್ಜಿ ಬಾವಿಕಟ್ಟೆಯ ಮೇಲೆ ಕೂತು ಬತ್ತಿ ಹೊಸೆಯುತ್ತಿದ್ದಳು. ನಾನು ತೊಟ್ಟಿಯ ಹಲಗೆ ಎತ್ತಿದೆ. ಅಜ್ಜಿ ಏ ಏ ಎಂದಳು. ಟಾರ್ಚ್ ಬಿಟ್ಟೆ. ನೀರು ನೋಡುವುದಕ್ಕೆ ಕನ್ನಡಿಯಷ್ಟು ತಿಳಿಯಾಗಿತ್ತು, ಡೆಂಗಿ ಸೊಳ್ಳೆಗೆ ತಿಳಿನೀರೇ ಬೇಕು ಎಂದು ನಾನು ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡಿದ್ದೆ. ಬೆಳಕು ಬಿದ್ದದ್ದೇ ತಡ, ಮೇಲೆ ತಲೆ ಕೆಳಗಾಗಿ ತೂಗುತ್ತಿದ್ದ ಮರಿಗಳೆಲ್ಲ ಕೊಂಕುತ್ತಾ ತಳಕ್ಕೆ ಇಳಿದವು. ಎಣಿಸುವ ಹಾಗಿರಲಿಲ್ಲ.

ತಳದ ಬಿರಡೆ ಕಿತ್ತೆ. ಮಡಿ ನೀರೆಲ್ಲ ಹಿತ್ತಿಲ ಕಲ್ಲಿನ ಮೇಲೆ ಹರಿದುಹೋಯಿತು. ಅಜ್ಜಿ ಕೂಗಾಡುತ್ತಾಳೆ, ನಾನೂ ಬಾಯಿಗೆ ಬಂದ ಹಾಗೆ ಅಂದುಬಿಡುತ್ತೇನೆ ಎಂದು ಹಲ್ಲು ಕಚ್ಚಿ ನಿಂತಿದ್ದೆ. ಅವಳು ಕೂಗಾಡಲಿಲ್ಲ. ಕಲ್ಲಿನ ಮೇಲೆ ಒದ್ದಾಡುತ್ತಿದ್ದ ಮರಿಗಳನ್ನು ಬಗ್ಗಿ ನೋಡಿ, ಇದರಿಂದಲಾ ಎಂದು ಕೇಳಿದಳು. ಅವಳು ಬತ್ತಿಯ ಬಟ್ಟಲನ್ನು ಅಲ್ಲೇ ಬಿಟ್ಟು ಒಳಗೆ ಹೋದಳು.

ಸೋಮವಾರ ಅಮ್ಮನ ಜ್ವರ ಇಳಿಯಿತು. ಅವಳಿಗೆ ಖುಷಿ. ಜ್ವರ ಬಿಡ್ತಲ್ಲ, ಇನ್ನೇನು, ಎರಡು ದಿನದಲ್ಲಿ ಏಳ್ತೀನಿ ಎಂದಳು. ಅಪ್ಪನೂ ಅಂಗಡಿಗೆ ಹೊರಟು ನಿಂತ. ನಾನು ತಡೆದೆ. ಡೆಂಗಿಯಲ್ಲಿ ಜ್ವರ ಇಳಿಯುವ ದಿನವೇ ಅಪಾಯ ಶುರುವಾಗುವ ದಿನ. ಎರಡನೆಯ ವರ್ಷ ನಾವು ಇದರ ಮೇಲೆ ಬೀದಿ ನಾಟಕವನ್ನೇ ಮಾಡಿದ್ದೆವು, ಅದರಲ್ಲಿ ನಾನೇ ರೋಗಿಯ ಮಗಳು. ಮಾರ್ಕೆಟ್ ಬಳಿ ನಿಂತು ದೊಡ್ಡ ಗಂಟಲಿನಲ್ಲಿ ಮಾತು ಒಪ್ಪಿಸಿ ಚಪ್ಪಾಳೆ ಗಿಟ್ಟಿಸಿದ್ದೆ. ಈಗ ಅಮ್ಮನ ಹೊಟ್ಟೆ ಮುಟ್ಟಿದರೆ ನೋವು ಎಂದಳು, ಪಾದ ಮುಟ್ಟಿದರೆ ತಣ್ಣಗಿತ್ತು. ಹಲ್ಲುಜ್ಜಿ ಉಗುಳಿದ್ದರಲ್ಲಿ ರಕ್ತದ ಎಳೆ.

ಆಟೋದಲ್ಲಿ ಹಾಕಿಕೊಂಡು ಹೊರಟೆವು. ಹತ್ತಿರದ ನರ್ಸಿಂಗ್ ಹೋಮಿನಲ್ಲಿ ಹಾಸಿಗೆ ಇರಲಿಲ್ಲ. ಎರಡನೆಯ ಕಡೆ ಬಾಗಿಲಲ್ಲೇ ಸ್ಟ್ರೆಚರುಗಳು ಸಾಲಾಗಿ ನಿಂತಿದ್ದವು. ಮೂರನೆಯ ಕಡೆ ಒಂದು ಹಾಸಿಗೆ ಸಿಕ್ಕಿತು, ಅದೂ ಅಪ್ಪ ಕೌಂಟರಿನ ಹುಡುಗಿಯ ಮುಂದೆ ಕೈ ಜೋಡಿಸಿ ನಿಂತ ಮೇಲೆ. ಅಪ್ಪ ಯಾರ ಮುಂದೂ ಹಾಗೆ ನಿಂತದ್ದನ್ನು ನಾನು ನೋಡಿರಲಿಲ್ಲ. ನೋಡಲಾಗಲಿಲ್ಲ, ಗೋಡೆಯ ಕಡೆ ತಿರುಗಿಕೊಂಡೆ. ಪ್ಲೇಟ್‌ಲೆಟ್ ಬೇಕಾಗಬಹುದು, ಹೊಂದಿಸಿಕೊಳ್ಳಿ ಎಂದರು. ನಾನು ಗೆಳತಿಗೆ ಫೋನು ಮಾಡಿದೆ. ಫಾರಂಗೆ ದಾರ ಕಟ್ಟಿದ ದಿನದ ಆ ಮಾತಾದ ಮೇಲೆ ನಾವು ಸರಿಯಾಗಿ ಮಾತಾಡಿರಲಿಲ್ಲ. ಎಲ್ಲಿದೀಯ ಹೇಳು ಎಂದಷ್ಟೇ ಕೇಳಿದಳು. ಒಂದು ಗಂಟೆಯಲ್ಲಿ ಅವಳ ಅಣ್ಣನೂ ಅವನ ಮೂವರು ಸ್ನೇಹಿತರೂ ರಕ್ತ ಕೊಡಲು ಬಂದು ಸಾಲಾಗಿ ನಿಂತರು.

ಮಂಗಳವಾರ ಮಧ್ಯಾಹ್ನ ಅಮ್ಮನ ಬಳಿ ನನ್ನನ್ನು ಬಿಟ್ಟರು. ಅಪ್ಪ ಔಷಧಿ ತರಲು ಕೆಳಗೆ ಹೋಗಿದ್ದ. ಅವಳ ಮುಖ ಊದಿತ್ತು, ತುಟಿ ಒಣಗಿತ್ತು. ಮೊದಲು ಕೇಳಿದ್ದು ಅಜ್ಜಿಗೆ ನೀರು ಯಾರು ಸೇದುತ್ತಿದ್ದಾರೆ ಎಂದು. ನನಗೆ ಇನ್ನು ತಡೆಯಲಾಗಲಿಲ್ಲ.

"ಅಮ್ಮ, ತೊಟ್ಟಿ ಖಾಲಿ ಮಾಡ್ಬಿಟ್ಟೆ. ಅದ್ರಲ್ಲಿ ಸೊಳ್ಳೆಮರಿ ಇತ್ತು."

"ಯಾವುದು, ಆ ಸಣ್ಣ ಹುಳಾನಾ?"

"ನೀನು ನೋಡಿದ್ಯಾ?"

"ದಿನಾ ನೋಡ್ತಿದ್ದೆ. ಬಾವಿ ನೀರಲ್ವಾ, ಇರುತ್ತೆ ಅಂತ ಬಟ್ಟೇಲಿ ಸೋಸ್ತಿದ್ದೆ. ಅವತ್ತು ಬಾ ಅಂತ ಕರೆದಿದ್ದೂ ಅದಕ್ಕೇನೆ. ಇದೇನು ಅಂತ ನಿನ್ನ ಕೇಳೋಣ ಅಂತ."

ಅದರಲ್ಲಿ ಆಕ್ಷೇಪಣೆ ಇರಲಿಲ್ಲ. ಹಾಲು ಉಕ್ಕಿತು, ಒಲೆ ಆರಿತು ಎಂದು ಹೇಳುವ ಧ್ವನಿಯಲ್ಲೇ ಹೇಳಿದಳು. ಆಮೇಲೆ ಆಯಾಸವಾಗಿ ಕಣ್ಣು ಮುಚ್ಚಿದಳು. ಮೂರು ವರ್ಷ ಹೊಸ್ತಿಲಲ್ಲಿ ಕೂತು ಅವಳಿಗೆ ಶೇಕಡಾವಾರು ಹೇಳಿಕೊಟ್ಟಿದ್ದೆ. ನನ್ನ ರೆಕಾರ್ಡ್ ಪುಸ್ತಕದಲ್ಲಿ ಸೊಳ್ಳೆಮರಿಯ ಚಿತ್ರ ಬರೆದು, ತಲೆ, ಎದೆ, ಉಸಿರಿನ ಕೊಳವೆ ಎಂದು ಗುರುತು ಮಾಡಿದ್ದೆ. ಆ ಒಂದು ಪುಟವನ್ನು ಅವಳ ಮುಂದೆ ಹಿಡಿದಿದ್ದರೆ ಸಾಕಿತ್ತು. ತೊಟ್ಟಿಯ ಮುಂದೆ ದಿನಾ ನಿಲ್ಲುತ್ತಿದ್ದವಳು ಅವಳು, ಹುಳವನ್ನು ಕಣ್ಣಾರೆ ಕಂಡವಳು ಅವಳು, ತಿಳಿದವಳನ್ನು ಕೇಳೋಣ ಎಂದು ಬಾಗಿಲವರೆಗೆ ಬಂದವಳು ಅವಳು. ತಿಳಿದವಳು ಮಂಚದ ಮೇಲೆ ಮಲಗಿದ್ದಳು.

ಸರಿಹೋಗಲಿ ದೇವರೇ, ಒಂದು ಸಲ ಇವಳು ಎದ್ದು ಕೂರಲಿ ಎಂದು ಬೇಡಿಕೊಂಡೆ. ನಾನು ದೇವರು ದಿಂಡರು ಎಂದರೆ ನಗುತ್ತಿದ್ದವಳು. ಆಸ್ಪತ್ರೆಯ ಮೆಟ್ಟಿಲ ಕೆಳಗೆ ಒಂದು ಸಣ್ಣ ಗಣಪತಿ ಇತ್ತು, ಅದರ ಮುಂದೆ ಹತ್ತು ಸಲ ಹೋಗಿ ನಿಂತೆ. ಡಿಗ್ರಿ ಬೇಡ, ಏನೂ ಬೇಡ, ಬಾವಿಯ ನೀರನ್ನು ಜೀವಮಾನವೆಲ್ಲ ನಾನೇ ಸೇದುತ್ತೇನೆ ಎಂದೆಲ್ಲ ಹೇಳಿಕೊಂಡೆ. ಬುಧವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಡಾಕ್ಟರು ಹೊರಗೆ ಬಂದು ಅಪ್ಪನನ್ನು ಪಕ್ಕಕ್ಕೆ ಕರೆದರು. ಅಪ್ಪ ಅವರು ಹೇಳಿದ್ದನ್ನು ಕೇಳಿಸಿಕೊಂಡು, ಸರಿ ಸಾರ್ ಎಂದ. ಸರಿ ಸಾರ್ ಎಂದು ಇನ್ನೊಂದು ಸಲ ಅಂದು, ನೆಲದ ಮೇಲೆ ಕೂತುಬಿಟ್ಟ.

ಅಮ್ಮನ ವೈಕುಂಠ ಸಮಾರಾಧನೆಯ ಕಾರ್ಡು ಅಪ್ಪನ ಅಂಗಡಿಯಲ್ಲೇ ಅಚ್ಚಾಯಿತು. ಪ್ರೂಫ್ ಬೇರೆಯವರು ನೋಡುತ್ತಾರೆ ಎಂದು ಮಾಲೀಕರು ಹೇಳಿದರೂ ಕೇಳದೆ ತಾನೇ ನೋಡಿದನಂತೆ. ಮನೆ ತುಂಬ ನೆಂಟರು. ಹಣೆಬರಹ ಎಂದರು ಒಬ್ಬರು, ಈ ಊರೇ ಕೆಟ್ಟುಹೋಯಿತು ಎಂದರು ಇನ್ನೊಬ್ಬರು. ಇವಳ ಓದು ಏನು ಉಪಯೋಗಕ್ಕೆ ಬಂತು ಎಂದು ಸೋದರಮಾವ ಕೇಳಿದ, ನಾನು ಕೇಳಿಸಿಕೊಳ್ಳಲಿ ಎಂದಲ್ಲ, ತಂಗಿ ಹೋದ ಸಂಕಟಕ್ಕೆ. ಮೂರು ವರ್ಷದಲ್ಲಿ ಮೊದಲ ಸಲ ನಾನು ಅವನ ಮೇಲೆ ಎಗರಲಿಲ್ಲ.

ಅಮ್ಮ ಹೋದ ನಾಲ್ಕನೆಯ ದಿನ ಕಾಲೇಜಿಗೆ ಹೋಗಿ ಮೇಡಂ ಮುಂದೆ ಎಲ್ಲ ಒಪ್ಪಿಕೊಂಡೆ. ಮೂವತ್ತೆಂಟು ಸೊನ್ನೆಯೂ ಸುಳ್ಳು ಎಂದೆ. ಅಮ್ಮನನ್ನು ನಾನೇ ಕೊಂದೆ ಎಂದೂ ಅಂದೆ. ಹಾಗೆ ಹೇಳಲು ಬರುವುದಿಲ್ಲ ಎಂದರು ಅವರು. ಆ ಸೊಳ್ಳೆ ಎಲ್ಲಿ ಹುಟ್ಟಿತೋ, ಎಲ್ಲಿ ಕಚ್ಚಿತೋ, ಮಾರ್ಕೆಟ್ಟಿನಲ್ಲೋ ದೇವಸ್ಥಾನದಲ್ಲೋ ಯಾರು ಬಲ್ಲರು, ಒಂದು ಕೇಸಿನಿಂದ ಕಾರಣ ಹೇಳಬಾರದು ಎಂದು ನಾನೇ ಪಾಠ ಮಾಡಿದ್ದೇನಲ್ಲ ಎಂದರು. ಪಾಠ ಸರಿಯೇ. ಆದರೆ ಅದನ್ನು ಇಟ್ಟುಕೊಂಡು ನಾನು ಏನು ಮಾಡಲಿ? ತಪ್ಪು ನಿನ್ನದೇ ಎಂದಿದ್ದರೆ ತಲೆ ಬಗ್ಗಿಸುತ್ತಿದ್ದೆ, ನಿನ್ನದಲ್ಲ ಎಂದಿದ್ದರೆ ಅತ್ತು ಹಗುರಾಗುತ್ತಿದ್ದೆ. ನಾನು ಓದಿದ ವಿದ್ಯೆ ಎರಡನ್ನೂ ಹೇಳುವುದಿಲ್ಲ. ಸರ್ವೆ ರದ್ದಾಗುತ್ತದೆ, ಇಬ್ಬರದೂ ಒಂದು ಸೆಮಿಸ್ಟರ್ ಹೋಗಬಹುದು ಎಂದೂ ಮೇಡಂ ಹೇಳಿದರು. ಹೊರಗೆ ನಿಂತಿದ್ದ ಗೆಳತಿಗೆ ಅದನ್ನು ನೆಲ ನೋಡುತ್ತಾ ಹೇಳಿದೆ. ಹೋದ್ರೆ ಹೋಗ್ಲಿ, ನಿಮ್ ಬೀದೀಲಿ ಇನ್ನೂ ಜ್ವರ ಇದೆ, ನಡಿ ಎಂದು ಅವಳೇ ನನ್ನನ್ನು ವಾರ್ಡಿನ ಆರೋಗ್ಯ ಕಚೇರಿಗೆ ಎಳೆದುಕೊಂಡು ಹೋದಳು.

ಕಚೇರಿಯವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಜ್ವರ ಬಂದ ಬೀದಿಗಳಿಗೆಂದು ಅವರ ಹತ್ತಿರ ಬೇರೆಯೇ ಒಂದು ಫಾರಂ ಇತ್ತು, ಅದರ ಕಟ್ಟು ಕೊಟ್ಟು, ಎರಡು ದಿನದಲ್ಲಿ ತುಂಬಿ ತಂದರೆ ತಂಡ ಕಳಿಸುತ್ತೇವೆ ಎಂದರು.

ನಾವಾಗ ಸೂತಕದಲ್ಲಿದ್ದೆವು. ಸೂತಕದವರು ಇನ್ನೊಬ್ಬರ ಮನೆಯೊಳಗೆ ಕಾಲಿಡುವಂತಿಲ್ಲ. ನೆಂಟರ ಜೊತೆ ಬಂದು ಉಳಿದಿದ್ದ ಅತ್ತೆ ಬಾಗಿಲಲ್ಲಿ ಅಡ್ಡ ನಿಂತು, ಹನ್ನೆರಡು ದಿನವಾದರೂ ತೆಪ್ಪಗಿರು ಎಂದು ಗದರಿದಳು. ನಾನು ಹಿಂದಿನ ಓಣಿಯಿಂದ ಹೋದೆ. ನಮ್ಮ ಕಡೆಯ ಹಳೆಯ ಮನೆಗಳ ಬೆನ್ನಿಗೆ ಒಂದೊಂದು ಕಿರಿದಾದ ಓಣಿ ಇದೆ, ಹಿಂದಿನ ಕಾಲದಲ್ಲಿ ಕಕ್ಕಸು ತೊಳೆಯುವವರು ಬರುತ್ತಿದ್ದ ದಾರಿ. ಹಿತ್ತಿಲ ಬಾಗಿಲು ತಟ್ಟಿದೆ. ತೆಗೆದವರು ನನ್ನನ್ನು ನೋಡಿ ಒಳಗೆ ಬಾ ಎನ್ನಲೂ ಆಗದೆ, ಹೋಗು ಎನ್ನಲೂ ಆಗದೆ ನಿಂತರು. ಒಳಗೆ ಬರಲ್ಲ, ಈ ತೊಟ್ಟಿ ಮುಚ್ಚಳ ತೆಗೀಬೇಕು ಎಂದೆ. ಯಾರೂ ಎದುರಾಡಲಿಲ್ಲ. ಮೂವತ್ತೇಳು ಮನೆಗಳಲ್ಲಿ ಹದಿನಾಲ್ಕರಲ್ಲಿ ಮರಿ ಇದ್ದವು. ತೊಟ್ಟಿಲು ತೂಗಿದಾಕೆಯ ಹಿತ್ತಿಲಲ್ಲಿ ತುಂಬಿದ ಡ್ರಮ್ಮು. ಅವಳು ಬಿಳಿ ತಟ್ಟೆಯಲ್ಲಿ ಅವು ಒದ್ದಾಡುವುದನ್ನು ನೋಡಿ, ನಾನು ನಿಜವಾಗ್ಲೂ ತೊಳೀತೀನಿ ಕಣೆ, ಈ ಡ್ರಮ್ ನೆನಪೇ ಇರ್ಲಿಲ್ಲ ಎಂದು ಅತ್ತಳು. ಪ್ರತಿ ಮನೆಯವರನ್ನೂ ಕರೆದು ತಟ್ಟೆಯ ಮುಂದೆ ಕೂರಿಸಿ, ಇದೇ ಮರಿ, ಹೀಗಿರುತ್ತದೆ ಎಂದು ತೋರಿಸಿದೆ. ಸೋಸಬೇಡಿ, ಚೆಲ್ಲಿ ಎಂದೆ.

ಎರಡನೆಯ ದಿನ ಸಂಜೆಗೆ ಒಂದೇ ಫಾರಂ ಉಳಿಯಿತು. ಅಪ್ಪ ಮುಂದಿನ ಜಗಲಿಯ ಮೇಲೆ ಗಡ್ಡ ಬಿಟ್ಟುಕೊಂಡು ಕೂತಿದ್ದ. ನಮ್ಮದನ್ನು ನಾನೇ ತುಂಬಿಸಬಹುದಿತ್ತು, ಆದರೆ ಫಾರಂ ಮೇಲೆ ಮನೆಯ ಮುಖ್ಯಸ್ಥರನ್ನು ಕೇಳಿ ಬರೆಯತಕ್ಕದ್ದು ಎಂದು ಅಚ್ಚಾಗಿತ್ತು. ಅವನ ಪಕ್ಕ ಕೂತೆ. ಆರೋಗ್ಯ ಕಚೇರಿಯ ಫಾರಂ ಅಪ್ಪ ಎಂದೆ. ಕೇಳು ಎಂದ.

ಮನೆಯಲ್ಲಿ ಎಷ್ಟು ಜನ ಎಂದು ಕೇಳಿದೆ. ನಾಲ್ಕು ಎಂದು, ತಕ್ಷಣ ಮೂರು ಎಂದ. ಕಳೆದ ಒಂದು ತಿಂಗಳಲ್ಲಿ ಜ್ವರ ಬಂದವರು ಎಷ್ಟು. ಒಂದು. ಅದರಲ್ಲಿ ಸಾವು ಎಷ್ಟು. ಅದಕ್ಕೆ ಅವನು ಒಂದು ಬೆರಳು ಎತ್ತಿ ತೋರಿಸಿದ. ವಯಸ್ಸು ಬರೆದೆ. ಉದ್ಯೋಗ ಎಂಬಲ್ಲಿ ಮನೆಕೆಲಸ ಎಂದು ಬರೆದೆ. ಕೊನೆಯಲ್ಲಿ ಇನ್ನೊಂದು ಪ್ರಶ್ನೆ ಇತ್ತು. ಜ್ವರ ಬರುವ ಮೊದಲು ಈ ಮನೆಯ ನೀರಿನ ತೊಟ್ಟಿಗಳನ್ನು ಯಾರಾದರೂ ಪರೀಕ್ಷಿಸಿದ್ದರೇ? ಮೂವತ್ತೇಳು ಮನೆಗಳಲ್ಲಿ ಅದನ್ನು ಕೇಳಿದ್ದೆ. ನಮ್ಮ ಮನೆಯಲ್ಲೂ ಓದಿದೆ.

"ಹೂಂ ಅಂತ ಬರ್ಕೋ" ಎಂದ ಅಪ್ಪ. "ನೀನೇ ನೋಡಿದ್ಯಲ್ಲ."

ಬರೆದುಕೊಂಡಿದ್ದರೆ ಅವನಿಗೆ ಎಂದೂ ಗೊತ್ತಾಗುತ್ತಿರಲಿಲ್ಲ. ಅಮ್ಮ ಹೇಳಲು ಇರಲಿಲ್ಲ, ಮೇಡಂ ಅವನನ್ನು ಎಂದೂ ನೋಡಿರಲಿಲ್ಲ.

"ಇಲ್ಲಪ್ಪ, ನಾನು ನೋಡಿರ್ಲಿಲ್ಲ. ನೋಡು ಬಾ ಅಂತ ಅಮ್ಮ ಬಂದು ಕರೆದಳು. ನಾನು ಏಳಲಿಲ್ಲ."

ಅಪ್ಪ ಬೀದಿಯ ಕಡೆಯೇ ನೋಡುತ್ತಿದ್ದ. ಎದುರುಮನೆಯವರು ಬಂದು ಗೇಟು ತೆಗೆದು ಒಳಗೆ ಹೋಗಿ ಮತ್ತೆ ಚಿಲಕ ಹಾಕಿಕೊಳ್ಳುವವರೆಗೂ ಹಾಗೇ ಕೂತಿದ್ದ. ನಾನು ಬೈಗುಳಕ್ಕೆ ಕಾದೆ, ಏಟಿಗೂ ಕಾದೆ.

"ಹಾಗಾದ್ರೆ ಇಲ್ಲ ಅಂತ ಬರಿ" ಎಂದ.

ಬರೆದೆ. ಅಪ್ಪ ಕನ್ನಡಕ ಹಾಕಿಕೊಂಡು ಫಾರಂ ಇಸಿದುಕೊಂಡ. ಮೇಲಿನಿಂದ ಕೆಳಗಿನವರೆಗೆ ಒಂದೊಂದೇ ಸಾಲನ್ನು ಬೆರಳಿಟ್ಟು ಓದಿ, ಕೆಳಗೆ ಸಹಿ ಹಾಕಿ, ನನ್ನ ಕೈಗೆ ಕೊಡದೆ ಜಗಲಿಯ ಮೇಲೆ ಇಟ್ಟು ಒಳಗೆ ಹೋದ.